ಸಹಾಯ ಬೇಕು: ಚಂಡಮಾರುತದ ಸುದ್ದಿ, ಕಣದಲ್ಲಿ ಕಾಫಿ

ನಾವು ಮೂಡಿಗೆರೆ ಕಡೆಯವರು. ಬಂಗಾಳ ಕೊಲ್ಲಿಯಲ್ಲಿ ಮತ್ತೆ ವಾಯುಭಾರ ಕುಸಿತ ಅಂದಾಗಿನಿಂದ ಅಕ್ಕಪಕ್ಕದ ತೋಟದವರಿಗೆಲ್ಲ ಅದೇ ಮಾತು. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ದಡ ಮುಟ್ಟಿದ್ದು ಪುದುಚೇರಿ ಹತ್ತಿರ, ಮಳೆ ಮಾತ್ರ ಕೊಡಗಿಗೂ ಬಂತು. ನಮಗೆ ಗಾಳಿಯ ಭಯ ಇಲ್ಲ, ಮಳೆಯದ್ದೇ.

ಕಣದಲ್ಲಿ ಅರೇಬಿಕಾ ಕಾಫಿ ಅರ್ಧ ಒಣಗಿದೆ. ಟಾರ್ಪಾಲು ಮುಚ್ಚಿದರೆ ಒಳಗೆ ಬೆವರಿ ಹುಳಿ ವಾಸನೆ, ತೆಗೆದರೆ ಸೋನೆ. ಗಿಡದಲ್ಲಿ ಇನ್ನೂ ಹಣ್ಣಿದೆ. ಆಳುಗಳು ಸಿಕ್ಕಿದ್ದಾರೆ, ಅದೇ ಪುಣ್ಯ. ಮೊಬೈಲ್ ಆ್ಯಪ್‌ಗಳು ಒಂದೊಂದು ಒಂದೊಂದು ಹೇಳುತ್ತಿವೆ. ಯೆಲ್ಲೋ ಅಲರ್ಟ್ ನೋಡಿದರೆ ಇಡೀ ಜಿಲ್ಲೆಗೆ. ಬಯಲುಸೀಮೆಯ ಕಡೂರಿಗೂ ಅದೇ, ಮಲೆನಾಡಿನ ನಮಗೂ ಅದೇ!

ಹಣ್ಣು ಈಗಲೇ ಕೊಯ್ದು ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹಾಕುವುದಾ? ಹಾಗೆ ಸುಲಿದ ಬೀಜಕ್ಕೂ, ಅಂದರೆ ಪಾರ್ಚ್‌ಮೆಂಟಿಗೂ, ಬಿಸಿಲು ಬೇಕಲ್ವಾ. ಇಲ್ಲ, ಮಳೆ ಕಳೆಯುವವರೆಗೆ ಗಿಡದಲ್ಲೇ ಬಿಡುವುದಾ? ಹಾಗೆ ಬಿಟ್ಟವರಿದ್ದರೆ, ಎಷ್ಟು ಉದುರಿತು ಹೇಳಿ.