ಸಸ್ಯಾಹಾರ ಶುರು ಮಾಡಿದ ಮೇಲೆ ತೂಕ ಇಳೀತಾನೇ ಇದೆ, ಏನು ಮಾಡಲಿ?

ಪ್ರಶ್ನೆ:
ಮಾಂಸ ಬಿಟ್ಟ ಮೇಲೆ ಪ್ಯಾಂಟೆಲ್ಲ ಸಡಿಲ ಆಗಿದೆ. ಮಧ್ಯಾಹ್ನ ದೊಡ್ಡ ಬಟ್ಟಲು ತುಂಬ ಹಸಿ ತರಕಾರಿ, ಬೇಯಿಸಿದ ಕಾಳು ತಿಂತೀನಿ. ಹೊಟ್ಟೆ ಬಿರಿಯುತ್ತೆ, ಆದರೆ ಸಂಜೆ ಓಡೋಕೆ ಹೋದರೆ ಕಾಲಲ್ಲಿ ಕಸುವೇ ಇರಲ್ಲ. ಕರಿದದ್ದು, ಸಿಹಿ ತಿಂದು ತೂಕ ಏರಿಸೋಕೆ ಮನಸ್ಸಿಲ್ಲ. ದಾರಿ ಇದ್ದರೆ ಹೇಳಿ.

ಉತ್ತರ 1:
ತರಕಾರಿಯಲ್ಲಿ ನೀರು, ನಾರು ಜಾಸ್ತಿ. ಕ್ಯಾಲೊರಿ ಸಾಕಾಗೋ ಮೊದಲೇ ಹೊಟ್ಟೆ ತುಂಬುತ್ತೆ. 100 ಗ್ರಾಂ ಸೌತೆಕಾಯಲ್ಲಿ ಸುಮಾರು 15 ಕ್ಯಾಲೊರಿ. ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 550ಕ್ಕೂ ಹೆಚ್ಚು! ಪಿಷ್ಟ, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತೆ. ನಿಮ್ಮ ಅದೇ ಬಟ್ಟಲಿಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕಲಸಿ, ಹುರಿದ ಎಳ್ಳು ಉದುರಿಸಿ. ಎಣ್ಣೆಯಿಂದಲೇ 120 ಕ್ಯಾಲೊರಿ ಸಿಗುತ್ತೆ, ಹೊಟ್ಟೆಗೆ ಭಾರ ಅನ್ನಿಸಲ್ಲ. ದಯವಿಟ್ಟು ಕೊಬ್ಬಿಗೆ ಹೆದರಬೇಡಿ.

ಉತ್ತರ 2:
ಅಗಿಯೋಕೆ ಬೇಜಾರಾದರೆ ಕುಡೀರಿ. ಹಾಲು, ಬಾಳೆಹಣ್ಣು, ಒಂದು ಹಿಡಿ ನೆನೆಸಿದ ಬಾದಾಮಿ ನುಣ್ಣಗೆ ರುಬ್ಬಿ, ಓಡೋಕೆ ಒಂದೆರಡು ಗಂಟೆ ಮುಂಚೆ.

ಉತ್ತರ 3:
ಇಷ್ಟೆಲ್ಲ ತಿಂದೂ ತೂಕ ಇಳೀತಿದ್ದರೆ ಡಾಕ್ಟರಿಗೆ ತೋರಿಸಿ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ವಿಟಮಿನ್ ಬಿ12 ಕೂಡ ನೋಡಿಸಿ, ಸುಸ್ತಿಗೆ ಅದೂ ಕಾರಣ ಇರಬಹುದು.