ಸಹಾಯ ಬೇಕು: ಸೋಗಾನೆ ಕಡೆ ಮನೆ ಮಾಡಬಹುದಾ, ನವುಲೆನೇ ವಾಸಿನಾ?

ಎಲ್ಲರಿಗೂ ನಮಸ್ಕಾರ. ಜೂನ್ ಒಳಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದೇವೆ. ಯಜಮಾನರಿಗೆ ಮಾಚೇನಹಳ್ಳಿಯಲ್ಲಿ ಕೆಲಸ. ಮಗಳು ಒಂದನೇ ಕ್ಲಾಸು, ಜೊತೆಗೆ ಅತ್ತೆ ಇದ್ದಾರೆ.

2023ರಲ್ಲಿ ವಿಮಾನ ನಿಲ್ದಾಣ ಆದಮೇಲೆ ಸೋಗಾನೆ ಸುತ್ತ ಸೈಟು ತೋರಿಸುವವರು ಜಾಸ್ತಿ. ಕೆಲಸಕ್ಕೂ ಹತ್ತಿರ, ಅಲ್ವಾ? ಆದರೆ ನಾವು ನೋಡಿದ ಲೇಔಟಿನಲ್ಲಿ ಚರಂಡಿಯೇ ಇರಲಿಲ್ಲ. ಆಷಾಢದ ಮಳೆ ನೆನೆದು ಭಯವಾಯಿತು. ಇ-ಸ್ವತ್ತಿನ ನಮೂನೆ 9 (ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ತೋರಿಸಿದರು. ಕೃಷಿ ಜಮೀನನ್ನು ಮನೆ ಕಟ್ಟಲು ಬಳಸಬಹುದು ಅನ್ನುವ ಭೂ ಪರಿವರ್ತನೆ ಆದೇಶ ಕೇಳಿದರೆ ನಾಳೆ, ನಾಡಿದ್ದು ಎನ್ನುತ್ತಾರೆ. ಹಾಗಾಗಿ ಮೊದಲು ಬಾಡಿಗೆಗೇ ಇರೋಣ ಅಂತ ನನ್ನ ಮನಸ್ಸು.

ನವುಲೆ, ಗೋಪಾಳದಲ್ಲಿ ಎರಡು ರೂಮಿನ ಮನೆಗೆ ಬಾಡಿಗೆ, ಅಡ್ವಾನ್ಸ್ ಎಷ್ಟಿದೆ? ಸೋಗಾನೆವರೆಗೆ ಸ್ಕೂಲ್ ವ್ಯಾನ್ ಬರುತ್ತದಾ? ಕನ್ನಡವನ್ನೂ ಚೆನ್ನಾಗಿ ಕಲಿಸುವ ಶಾಲೆ ಬೇಕು. ಮಕ್ಕಳನ್ನು ಕಳಿಸುತ್ತಿರುವವರು ದಯವಿಟ್ಟು ತಿಳಿಸಿ.