ಸಹಾಯ ಬೇಕು: ಟೈಟೇನಿಯಂ ಡೈಆಕ್ಸೈಡ್ ಮೇಲ್ಮೈಯಲ್ಲಿ ಕಾಣುವುದು ಖಾಲಿ ಜಾಗವೋ, ಓಎಚ್ (ಹೈಡ್ರಾಕ್ಸಿಲ್) ಗುಂಪೋ?

ಎಲ್ಲರಿಗೂ ನಮಸ್ಕಾರ. ರೂಟೈಲ್ (ಟೈಟೇನಿಯಂ ಡೈಆಕ್ಸೈಡ್‌ನ ಒಂದು ರೂಪ) ಹರಳಿನ 110 ಎಂಬ ಮುಖದ ಮೇಲೆ ಕೆಲಸ ಮಾಡುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಆರ್ಗಾನ್ ಅಯಾನುಗಳಿಂದ ಉಜ್ಜಿ, ನಿರ್ವಾತದಲ್ಲೇ ಸುಮಾರು 900 ಕೆಲ್ವಿನ್‌ಗೆ ಕಾಯಿಸುತ್ತೇನೆ. ಬಣ್ಣವೇ ಇಲ್ಲದಿದ್ದ ಹರಳು ಈಗ ತಿಳಿ ನೀಲಿ, ಅಂದರೆ ಸ್ವಲ್ಪ ಆಕ್ಸಿಜನ್ ಹೋಗಿ ಅದರ ಜಾಗ ಖಾಲಿಯಾಗಿದೆ. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣ ಬಿಟ್ಟು, ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ವಿಧಾನ) ಟೈಟೇನಿಯಂನ 459 ಇವಿ (ಎಲೆಕ್ಟ್ರಾನ್ ವೋಲ್ಟ್) ಶಿಖರದ ಪಕ್ಕ, 457ರ ಹತ್ತಿರ ಸಣ್ಣ ಉಬ್ಬು ಬಂದಿದೆ. ಅದು ಟೈಟೇನಿಯಂ 3+ (ಮಾಮೂಲಿ 4+ಗಿಂತ ಒಂದು ಎಲೆಕ್ಟ್ರಾನ್ ಹೆಚ್ಚಿರುವ ಅಯಾನು), ಇಲ್ಲಿಯವರೆಗೆ ಗೊಂದಲವಿಲ್ಲ.

ತಲೆನೋವು ಆಕ್ಸಿಜನ್ ಕಡೆಯದು. 530ರ ಮುಖ್ಯ ಶಿಖರಕ್ಕೆ 531.5ರ ಹತ್ತಿರ ಒಂದು ಭುಜ ಇದೆ. ಎಷ್ಟೋ ಪೇಪರ್‌ಗಳಲ್ಲಿ ಇದನ್ನು ಸುಮ್ನೆ 'ಆಕ್ಸಿಜನ್ ಖಾಲಿ ಜಾಗ' ಎಂದು ಬರೆದುಬಿಡುತ್ತಾರೆ. ಇಲ್ಲದ ಪರಮಾಣು ಎಲೆಕ್ಟ್ರಾನ್ ಕೊಡೋದು ಹೇಗೆ, ಅಲ್ವಾ? ನನ್ನ ಅನುಮಾನ ನೀರಿನ ಮೇಲೆ. ಎಷ್ಟೇ ಒಳ್ಳೆಯ ನಿರ್ವಾತವಿದ್ದರೂ ಉಳಿದ ನೀರಿನ ಅಣು ಖಾಲಿ ಜಾಗಕ್ಕೆ ಬಂದು ಒಡೆಯುತ್ತದೆ, ಒಂದು ಜಾಗಕ್ಕೆ ಎರಡು ಓಎಚ್ ಆಗುತ್ತದೆ. ಹಾಗಾದರೆ ನಾನು ಅಳೆಯುತ್ತಿರುವುದು ಖಾಲಿ ಜಾಗವನ್ನಲ್ಲ, ಅದು ತುಂಬಿದ ಮೇಲಿನ ಸ್ಥಿತಿಯನ್ನು.

ಸುಮಾರು 500 ಕೆಲ್ವಿನ್‌ಗೆ ಕಾಯಿಸಿದರೆ ಓಎಚ್‌ಗಳು ಸೇರಿ ನೀರಾಗಿ ಹೋಗುತ್ತವೆ, ಖಾಲಿ ಜಾಗ ಮತ್ತೆ ತೆರೆಯುತ್ತದೆ. ಭುಜ ಮಾಯವಾಗಿ 457ರ ಉಬ್ಬು ಹಾಗೇ ಉಳಿದರೆ ಅದು ಓಎಚ್ಚೇ ಎಂದು ಹೇಳಬಹುದಾ? ಆ ಉಬ್ಬಿಗೆ ಹರಳಿನ ಒಳಗೆ ಸಿಕ್ಕಿರುವ ಹೆಚ್ಚುವರಿ ಟೈಟೇನಿಯಂ ಕೂಡ ಕಾರಣ ಇರಬಹುದು, ಅದನ್ನು ಬೇರೆ ಮಾಡೋದು ಹೇಗೆ? ಸದ್ಯಕ್ಕೆ ಎಸ್‌ಟಿಎಂ (ಮೇಲ್ಮೈಯ ಪರಮಾಣುಗಳನ್ನೇ ತೋರಿಸುವ ಸೂಕ್ಷ್ಮದರ್ಶಕ) ಕೈಯಲ್ಲಿಲ್ಲ, ಲೀಡ್ (ಎಲೆಕ್ಟ್ರಾನ್ ಚದುರಿಸಿ ಮೇಲ್ಮೈಯ ಜೋಡಣೆ ತಿಳಿಯುವ ಉಪಕರಣ) ಇದೆ. ಅದರಲ್ಲಿ 1×1, ಅಂದರೆ ಒಳಗಿನ ಹರಳಿನದೇ ಜೋಡಣೆ, ಮಾತ್ರ ಕಾಣುತ್ತಿದೆ. ಮಾಡಿ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.